ಹಾಡಿಯ ಹೆಂಗಸರು ಮುಂದೆ ನಿಂತು ಕಾಡಿನ ಹಕ್ಕು ಕೇಳುವುದು, ಹಾಡಿಯ ನೋವು ನೋಡಿಕೊಳ್ಳುವುದು ಹೇಗೆ

ಹಾಡಿ ಎಂದರೆ ಕಾಡಿನ, ಕಾಡಂಚಿನ ಬುಡಕಟ್ಟು ಜನರ ಊರು. ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಕೊಡಗಿನ ಲೈನ್ ಮನೆಗಳು (ತೋಟದ ಕೂಲಿಯವರ ಸಾಲುಮನೆಗಳು), ಯಲ್ಲಾಪುರ-ಹಳಿಯಾಳದ ಸಿದ್ದಿ ಕೇರಿಗಳು: ಎಲ್ಲಿ ಧರಣಿ ನಡೆದರೂ ಬಿಸಿಲಿಗೆ ಮುಂದಿನ ಸಾಲಿನಲ್ಲಿ ಕೂರುವವರು ಹೆಂಗಸರು. ಮಾತುಕತೆಗೆ ಒಳಗೆ ಕರೆದಾಗ ಕುರ್ಚಿ ಸಿಗುವುದು ಗಂಡಸರಿಗೆ. ಹೆಂಗಸರಿಗೆ ಭಾಷಣ ಮಾಡುವುದನ್ನು ಕಲಿಸಿದರೆ ಇದು ಸರಿಹೋಗುವುದಿಲ್ಲ. ಸಭೆಯ ದಿನ ಯಾರು ಗೊತ್ತುಮಾಡುತ್ತಾರೆ, ನಡಾವಳಿ ಪುಸ್ತಕ ಯಾರ ಮನೆಯಲ್ಲಿದೆ, ಅರ್ಜಿಯ ಸ್ವೀಕೃತಿ ಯಾರ ಕೈಗೆ ಬರುತ್ತದೆ ಎಂಬುದನ್ನು ಬದಲಾಯಿಸಬೇಕು.

ಅರಣ್ಯ ಹಕ್ಕಿನ ಕೆಲಸಕ್ಕೆ ಒಂದು ಗುಂಪು, ಕುಡಿತ-ಹೊಡೆತ-ದುಃಖ ನೋಡಿಕೊಳ್ಳಲು ಇನ್ನೊಂದು ಗುಂಪು ಎಂದು ಮಾಡುವ ಪದ್ಧತಿ ಇದೆ. ನಮ್ಮ ಪ್ರಕಾರ ಅದು ತಪ್ಪು. ಬಟವಾಡೆ ದಿನ ಅರ್ಧ ಹಾಡಿ ಕುಡಿದು ಮಲಗಿದರೆ ಮಾರನೆಯ ದಿನದ ಸಭೆಗೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಆಗುವುದಿಲ್ಲ. ಹಿಂದಿನ ರಾತ್ರಿ ಏಟು ತಿಂದವಳು ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಬರುವುದಿಲ್ಲ. ಎರಡೂ ಒಂದೇ ಗುಂಪಿನ ಕೆಲಸ ಎಂದಿಟ್ಟುಕೊಂಡೇ ಮುಂದಿನದನ್ನು ಬರೆದಿದೆ.

ಗುಂಪು ಕಟ್ಟುವಾಗ

ಐದರಿಂದ ಏಳು ಜನ ಸಾಕು. ಒಂದೇ ಕುಲ, ಒಂದೇ ಮನೆತನದವರು ಬೇಡ. ಕಾಡಿನ ಜಾಗಗಳ ಹೆಸರು ಬಲ್ಲ ಅಜ್ಜಿ ಒಬ್ಬರು, ತೋಟದ ಕೂಲಿಗೆ ಹೋಗುವವರು ಇಬ್ಬರು, ಗಂಡ ಸತ್ತ ಅಥವಾ ಬಿಟ್ಟುಹೋದವರು ಒಬ್ಬರು, ಆಶ್ರಮ ಶಾಲೆಯಲ್ಲಿ ಓದಿ ಬರೆಯಲು ಬರುವ ಹುಡುಗಿ ಒಬ್ಬಳು ಇರಲಿ. ಬರೆಯುವ ಹುಡುಗಿಗೇ ಮಾತಾಡುವ ಕೆಲಸವನ್ನೂ ಒಪ್ಪಿಸಿಬಿಡುವುದು ಎಲ್ಲ ಕಡೆ ಆಗುವ ಎಡವಟ್ಟು. ಅಧಿಕಾರಿಗಳಿಗೆ ಅವಳೊಡನೆ ಮಾತು ಸಲೀಸು. ವರ್ಷ ಕಳೆಯುವುದರೊಳಗೆ ಹಾಡಿ ಎಂದರೆ ಅವಳೊಬ್ಬಳೇ ಎನ್ನುವಂತಾಗುತ್ತದೆ, ಮದುವೆಯಾಗಿ ಬೇರೆ ಹಾಡಿಗೆ ಹೋದಳೆಂದರೆ ಕಡತವೂ ಮಾತೂ ಒಟ್ಟಿಗೆ ನಿಲ್ಲುತ್ತವೆ. ಬರೆಯುವವರು ಬರೆಯಲಿ, ಮಾತು ಬೇರೆಯವರದಾಗಿರಲಿ.

ಈಗಾಗಲೇ ಇರುವ ಸ್ತ್ರೀಶಕ್ತಿ ಸಂಘವನ್ನೇ ಈ ಕೆಲಸಕ್ಕೆ ಹಚ್ಚಬಹುದಲ್ಲ ಎಂದು ಸಲಹೆ ಕೊಡುವವರಿದ್ದಾರೆ. ಸಂಘದಲ್ಲಿ ಸಾಲ, ಕಂತು, ಬಾಕಿ ಇರುತ್ತದೆ. ಬಾಕಿ ಉಳಿಸಿಕೊಂಡ ಮನೆಯವರು ಕೂಟಕ್ಕೆ ಬರಲು ಮುಜುಗರಪಡುತ್ತಾರೆ, ಎಷ್ಟೋ ಸಲ ಹೆಚ್ಚು ನೋವಿನಲ್ಲಿರುವ ಮನೆಯೂ ಅದೇ ಆಗಿರುತ್ತದೆ. ಬೇರೆಯಾಗಿಯೇ ಇಟ್ಟುಕೊಳ್ಳಿ.

ಹಾಡಿಯ ಯಜಮಾನರನ್ನು ಮೊದಲೇ, ಅವರ ಮನೆಯಲ್ಲೇ ಕಂಡು ಮಾತಾಡಿ. ಪೂಜೆ, ಹಬ್ಬ, ಮದುವೆಯಲ್ಲಿ ಅವರ ಸ್ಥಾನ ಹಾಗೆಯೇ ಇರುತ್ತದೆ, ಸರ್ಕಾರಿ ಕಾಗದದ ಕೆಲಸ ಮಾತ್ರ ಈ ಗುಂಪಿನದು ಎಂದು ಹೇಳಿ. ಸಭೆಯಲ್ಲಿ ಎಲ್ಲರೆದುರು ಈ ಮಾತು ತೆಗೆದರೆ ಅವರು ಒಪ್ಪುವ ದಾರಿಯೇ ಮುಚ್ಚಿಹೋಗುತ್ತದೆ.

ಖರ್ಚಿಗೆ ಮನೆಗೆ ತಿಂಗಳಿಗೆ 20 ರೂಪಾಯಿ ಎತ್ತಿದರೂ 40 ಮನೆಯಿಂದ 800 ಆಗುತ್ತದೆ. ಜೆರಾಕ್ಸು, ಮುಖ್ಯರಸ್ತೆವರೆಗಿನ ಆಟೋ, ಮಧ್ಯಾಹ್ನದ ಊಟಕ್ಕೆ ಅಷ್ಟು ಸಾಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿಗೆ ಹೆಂಗಸರು ಟಿಕೆಟ್ ಹಣ ಕೊಡಬೇಕಿಲ್ಲ, ಆಧಾರ್ ಇಟ್ಟುಕೊಂಡರಾಯಿತು. ತಾಲ್ಲೂಕಿಗೆ ಯಾರನ್ನು ಕಳಿಸುವುದು ಎಂಬ ಚರ್ಚೆಯಲ್ಲಿ ಇದೊಂದು ಒಳ್ಳೆಯ ವಾದ.

ಗ್ರಾಮಸಭೆ

ಪಂಚಾಯಿತಿಯವರು ಕರೆಯುವ ಮಾಮೂಲಿ ಗ್ರಾಮಸಭೆ ಬೇರೆ, 2006ರ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಬೇರೆ. ಪಂಚಾಯಿತಿ ಸಭೆಯಲ್ಲಿ ಹಲವು ಊರಿನವರು ಸೇರುತ್ತಾರೆ, ಅಲ್ಲಿ ಹಾಡಿಯವರ ಸಂಖ್ಯೆ ಲೆಕ್ಕಕ್ಕೇ ಬರುವುದಿಲ್ಲ. ಹಾಡಿ, ಪೋಡು (ಸೋಲಿಗರ ಹಾಡಿ) ಮಟ್ಟದಲ್ಲೇ ಸಭೆ ನಡೆಯಬೇಕು ಎಂದು ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ 2012ರ ಜುಲೈ 12ರ ಮಾರ್ಗಸೂಚಿಯಲ್ಲಿ ಹೇಳಿದೆ. ಆ ಪ್ರತಿಯನ್ನು ಪುಸ್ತಕದ ಮೊದಲ ಹಾಳೆಗೇ ಅಂಟಿಸಿ. ಪೆಸಾ ಕಾಯ್ದೆಯ (ಅನುಸೂಚಿತ ಪ್ರದೇಶಗಳ ಪಂಚಾಯಿತಿ ಕಾಯ್ದೆ) ಮಾತೆತ್ತಬೇಡಿ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವಿಲ್ಲದ ಕಾರಣ ಅದು ಇಲ್ಲಿ ಅನ್ವಯಿಸುವುದಿಲ್ಲ, ಅದನ್ನು ಹಿಡಿದು ವಾದಕ್ಕೆ ನಿಂತರೆ ಎದುರಿನವರು ಅಲ್ಲಿಗೇ ಮುಗಿಸುತ್ತಾರೆ.

ಮೊದಲ ಸಭೆಯನ್ನು ಗ್ರಾಮ ಪಂಚಾಯಿತಿ ಕರೆಯಬೇಕು. ಅಲ್ಲಿ ಅರಣ್ಯ ಹಕ್ಕು ಸಮಿತಿ ಆಯ್ಕೆಯಾಗಬೇಕು: 10ರಿಂದ 15 ಜನ, ಮೂರನೇ ಎರಡು ಪಾಲು ಪರಿಶಿಷ್ಟ ಪಂಗಡದವರು, ಮೂರನೇ ಒಂದಕ್ಕೆ ಕಡಿಮೆ ಇಲ್ಲದಂತೆ ಹೆಂಗಸರು. 15 ಜನರ ಸಮಿತಿಗೆ ಐವರು ಹೆಂಗಸರು ಎಂಬುದು ಕನಿಷ್ಠ ಮಟ್ಟ, ಅಲ್ಲಿಗೇ ನಿಲ್ಲಬೇಕೆಂದು ಎಲ್ಲೂ ಬರೆದಿಲ್ಲ. ಎಂಟು ಜನ ಕೇಳಿ. ಅಧ್ಯಕ್ಷ ಸ್ಥಾನಕ್ಕಿಂತ ಕಾರ್ಯದರ್ಶಿ ಸ್ಥಾನಕ್ಕೆ ಪಟ್ಟು ಹಿಡಿಯಿರಿ, ಏಕೆಂದರೆ ಪುಸ್ತಕ ಮತ್ತು ಸ್ವೀಕೃತಿ ಇರುವುದು ಅಲ್ಲಿ. ಆಯ್ಕೆಯಾದ ಹೆಸರುಗಳನ್ನು ಉಪವಿಭಾಗ ಮಟ್ಟದ ಸಮಿತಿಗೆ, ಅಂದರೆ ಎಸಿ ಆಫೀಸಿಗೆ, ಬರೆದು ತಿಳಿಸಿ.

ಕೋರಂ ವಿಷಯದಲ್ಲೇ ಹೆಚ್ಚು ಠರಾವುಗಳು ಬಿದ್ದುಹೋಗುವುದು. 2012ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾದ ನಿಯಮದಂತೆ ಹಾಡಿಯ ವಯಸ್ಕರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು. ಹಾಜರಾದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಅರ್ಜಿಗಳ ಮೇಲೆ ಠರಾವು ಮಾಡುವುದಾದರೆ ಅರ್ಜಿದಾರರು ಅಥವಾ ಅವರ ಪ್ರತಿನಿಧಿಗಳಲ್ಲಿ ಶೇ. 50 ಜನ ಇರಬೇಕು. ಹಾಡಿಯಲ್ಲಿ 140 ವಯಸ್ಕರಿದ್ದರೆ 70 ಜನ ಬೇಕು, 70ರಲ್ಲಿ 24 ಹೆಂಗಸರು. 90 ಜನ ಬಂದರೆ 30 ಹೆಂಗಸರು. 40 ಅರ್ಜಿಗಳಿದ್ದರೆ 20 ಅರ್ಜಿದಾರರು. ಇದರ ಅರ್ಥ ಇಷ್ಟೇ: ಹೆಂಗಸರು ಬರದಿದ್ದರೆ ಗಂಡಸರು ಮಾಡಿದ ಠರಾವಿಗೂ ಬೆಲೆಯಿಲ್ಲ. ಈ ಮಾತನ್ನು ಜಗಳದ ದನಿಯಲ್ಲಿ ಹೇಳುವ ಅಗತ್ಯವಿಲ್ಲ. ಲೆಕ್ಕ ತೋರಿಸಿದರೆ ಸಾಕು.

ದಿನ ಗೊತ್ತುಮಾಡುವಾಗ ತೋಟದ ಜೀಪು ನೋಡಿಕೊಳ್ಳಿ. ಕಾಫಿ ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ, ಅರೇಬಿಕಾಗೆ ನವೆಂಬರ್‌ನಿಂದ, ರೋಬಸ್ಟಾಗೆ ಮಾರ್ಚ್‌ವರೆಗೂ, ಬೆಳಿಗ್ಗೆ ಹೋದವರು ಸಂಜೆಗೇ ವಾಪಸು. ಅಧಿಕಾರಿಗಳಿಗೆ ಅನುಕೂಲವಾಗುವ ಬುಧವಾರ ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಬರುವವರು ಮುದುಕರು ಮತ್ತು ಕೆಲಸಕ್ಕೆ ಹೋಗದ ಗಂಡಸರು. ತೋಟಕ್ಕೆ ರಜೆ ಇರುವ ದಿನ, ಬಟವಾಡೆಯ ಮಾರನೆಯ ದಿನ ಅಲ್ಲದ ಹಾಗೆ, ಬೆಳಿಗ್ಗೆ ಹತ್ತಕ್ಕೆ ಇಡಿ. ಮಕ್ಕಳಿಗೆ ಅಲ್ಲೇ ಊಟ, ನೋಡಿಕೊಳ್ಳಲು ಇಬ್ಬರು. ಹಿಂದಿನ ಸಂಜೆ ಹೆಂಗಸರು ಮಾತ್ರ ಒಂದು ಗಂಟೆ ಕೂತು ಯಾವ ವಿಷಯ ಯಾರು ಎತ್ತುವುದು ಎಂದು ಹಂಚಿಕೊಳ್ಳಿ. ಇದೊಂದು ಮಾಡದ ಕಡೆ ಹೆಂಗಸರು ಬಂದು, ಕೂತು, ಸಹಿ ಹಾಕಿ, ಬಾಯಿ ಬಿಡದೆ ಹೋಗುತ್ತಾರೆ.

ಏಳು ದಿನ ಮೊದಲೇ ನೋಟಿಸು ಬರೆದು ಅಂಗನವಾಡಿ ಗೋಡೆಗೆ ಹಚ್ಚಿ. ಪಿಡಿಓ, ವಲಯ ಅರಣ್ಯಾಧಿಕಾರಿ, ಗ್ರಾಮ ಆಡಳಿತ ಅಧಿಕಾರಿಗೆ ಒಂದೊಂದು ಪ್ರತಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕುವುದಿಲ್ಲ ಎಂದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ರಸೀದಿ ಪುಸ್ತಕಕ್ಕೆ ಅಂಟಿಸಿ.

ಪುಸ್ತಕಕ್ಕೆ ಉದ್ದ ರೂಲ್ ಹಾಳೆಯ ಗಟ್ಟಿ ರಟ್ಟಿನ ರಿಜಿಸ್ಟರು ತನ್ನಿ. ಹಾಳೆಗಳಿಗೆ ಮೊದಲೇ ನಂಬರು ಹಾಕಿ. ಹಾಜರಿಯಲ್ಲಿ ಹೆಂಗಸರದು ಬೇರೆ ಪುಟ, ಗಂಡಸರದು ಬೇರೆ ಪುಟ. ಸಹಿ, ಹೆಬ್ಬೆಟ್ಟು ಸಭೆ ಶುರುವಾಗುವ ಮುಂಚೆಯೇ ಆಗಲಿ. ಕೊನೆಯ ಹೆಸರಿನ ಕೆಳಗೆ ಗೆರೆ ಎಳೆದು "ಒಟ್ಟು 86, ಹೆಂಗಸರು 41" ಎಂದು ಬರೆದು ಅಧ್ಯಕ್ಷರು ರುಜು ಹಾಕಲಿ. ಆಮೇಲೆ ಬಂದು "ನನ್ನದೂ ಸೇರಿಸಿ" ಎನ್ನುವವರಿಗೆ ಜಾಗ ಉಳಿಯಬಾರದು. ಠರಾವನ್ನು ಸಭೆಯಲ್ಲೇ ಬರೆದು, ಜೋರಾಗಿ ಓದಿ, ನಂತರ ರುಜು. "ನೀವು ಸಹಿ ಹಾಕಿ ಹೋಗಿ, ನಾನು ಆಫೀಸಿನಲ್ಲಿ ಟೈಪ್ ಮಾಡಿಸುತ್ತೇನೆ" ಎಂದು ಯಾರೇ ಹೇಳಲಿ, ಎಷ್ಟೇ ಒಳ್ಳೆಯವರಾಗಿರಲಿ, ಖಾಲಿ ಹಾಳೆಗೆ ಹೆಬ್ಬೆಟ್ಟು ಬೀಳಬಾರದು. ಸ್ಥಳಾಂತರಕ್ಕೆ ಹಾಡಿ ಒಪ್ಪಿದೆ ಎಂಬ ಠರಾವು ಇಂಥ ಹಾಳೆಯ ಮೇಲೂ ಹುಟ್ಟಬಹುದು.

ವೈಯಕ್ತಿಕ ಅರ್ಜಿ

ಮನೆ ಮತ್ತು ಉಳುವ ಜಾಗದ ಹಕ್ಕಿಗೆ ನಮೂನೆ-ಎ ತುಂಬುವಾಗ ಗಂಡನ ಅಥವಾ ಹೆಂಡತಿಯ ಹೆಸರಿಗೆ ಒಂದು ಅಂಕಣವಿದೆ. ಅದನ್ನು ಖಾಲಿ ಬಿಟ್ಟ ಅರ್ಜಿಗಳು ಬೇಕಾದಷ್ಟು ಸಿಗುತ್ತವೆ. ಕಾಯ್ದೆಯ 4(4)ನೇ ಕಲಮಿನ ಪ್ರಕಾರ ಮದುವೆಯಾದವರ ಹಕ್ಕು ಇಬ್ಬರ ಹೆಸರಿಗೂ ಜಂಟಿಯಾಗಿ ಬರಬೇಕು. ಒಬ್ಬರೇ ನಡೆಸುವ ಮನೆಯಾದರೆ ಅವರ ಒಬ್ಬರ ಹೆಸರಿಗೆ. ಗಂಡ ಸತ್ತವರು, ಗಂಡ ಬಿಟ್ಟವರು ಅಣ್ಣನ ಅರ್ಜಿಯ ಕುಟುಂಬ ಸದಸ್ಯರ ಪಟ್ಟಿಯಲ್ಲಿ ಸೇರಿಹೋಗದೆ ತಮ್ಮದೇ ಅರ್ಜಿ ಹಾಕಬೇಕು. ಹಕ್ಕುಪತ್ರ ಹಂಚುವ ವೇದಿಕೆಯಲ್ಲೇ ಹೆಸರು ಓದಿ ನೋಡಿ. ಕಂಪ್ಯೂಟರಿನಲ್ಲಿ ಹೆಂಡತಿಯ ಹೆಸರು ಬಿಟ್ಟುಹೋಗಿದ್ದರೆ ಅಂದೇ ತಿದ್ದುಪಡಿಗೆ ಬರೆದುಕೊಡಿ, ಪಹಣಿಗೆ ಏರಿದ ಮೇಲೆ ಓಡಾಟ ಹೆಚ್ಚು.

ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಜಾಗ ಅನುಭವಿಸುತ್ತಿದ್ದರೆ ಸಾಕು. ಹಾಲಕ್ಕಿ ಒಕ್ಕಲಿಗರಂಥ, ಇನ್ನೂ ಪಂಗಡದ ಪಟ್ಟಿಗೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡು ನೆಚ್ಚಿ ಬದುಕಿದ್ದನ್ನು ತೋರಿಸಬೇಕು. 1930ರ ಕಾಗದ ತನ್ನಿ ಎಂದು ಕೆಲವು ಕಚೇರಿಗಳಲ್ಲಿ ಕೇಳುತ್ತಾರೆ. ಇಂಥದೇ ದಾಖಲೆ ಬೇಕು ಎಂದು ಒತ್ತಾಯ ಮಾಡುವಂತಿಲ್ಲ ಎಂದು ನಿಯಮ 12-ಎ ಹೇಳುತ್ತದೆ. ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದು, ಅದರ ಬದಲಿ ಆಗುವಂತಿಲ್ಲ. ನಿಯಮ 13ರ ಪಟ್ಟಿಯಲ್ಲಿ ಎರಡು ಸಾಕ್ಷ್ಯ ಇದ್ದರಾಯಿತು: ರೇಷನ್ ಕಾರ್ಡು, ಮತದಾರರ ಚೀಟಿ, ಮನೆ, ಬದು, ಬಾವಿ, ಗೋರಿಗಳು, ವಂಶವೃಕ್ಷ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆ.

ಹಿರಿಯರ ಹೇಳಿಕೆಯಲ್ಲಿ ಅಜ್ಜಿಯರಿಗೆ ಮೊದಲ ಸ್ಥಾನ ಕೊಡಿ. ಯಾವ ಮಗು ಯಾವ ಮರದ ಬುಡದಲ್ಲಿ ಹುಟ್ಟಿತು, ಯಾರನ್ನು ಎಲ್ಲಿ ಮಣ್ಣು ಮಾಡಿದರು ಎಂಬ ನೆನಪು ಹೆಚ್ಚಾಗಿ ಅವರಲ್ಲೇ ಇರುತ್ತದೆ. ಹೆಸರು, ಅಂದಾಜು ವಯಸ್ಸು, ತನಗೆ ಇದು ಹೇಗೆ ಗೊತ್ತು, ಜಾಗದ ಹೆಸರು, ಪಕ್ಕದ ಗುರುತುಗಳು ಇವಿಷ್ಟನ್ನು ಅವರ ಮಾತಿನಲ್ಲೇ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ, ಇಬ್ಬರು ಸಾಕ್ಷಿ ಸಹಿ ಮಾಡಲಿ. ಒಂದೇ ಹೇಳಿಕೆಯನ್ನು ಟೈಪ್ ಮಾಡಿಸಿ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು ನಲವತ್ತು ಜೆರಾಕ್ಸು ತೆಗೆಸುವವರಿದ್ದಾರೆ. ಮೇಲಿನ ಸಮಿತಿಯಲ್ಲಿ ನಲವತ್ತೂ ಒಟ್ಟಿಗೆ ಅನುಮಾನಕ್ಕೆ ಬೀಳುತ್ತವೆ.

ವಿಸ್ತೀರ್ಣವನ್ನು ಕಣ್ಣಳತೆಯಲ್ಲಿ ಬರೆಯಬೇಡಿ. ಚೆಕ್ಕುಬಂದಿ ನಾಲ್ಕೂ ದಿಕ್ಕಿಗೆ ಹೆಸರು ಹಿಡಿದು ಬರೆಯಿರಿ. ಕಾಯ್ದೆಯ ಮಿತಿ 4 ಹೆಕ್ಟೇರ್, ಸುಮಾರು 10 ಎಕರೆ. ಆದರೂ ಮನೆ ನಿಂತ ಜಾಗಕ್ಕಷ್ಟೇ ಕೆಲವು ಗುಂಟೆ ಬರೆದು, ಉಳುವ ಜಾಗ ಬಿಟ್ಟುಹೋದ ಹಕ್ಕುಪತ್ರಗಳು ಸಾಕಷ್ಟಿವೆ.

ಸಮುದಾಯದ ಹಕ್ಕು ಮತ್ತು ನಕ್ಷೆ

ಹೆಂಗಸರಿಗೆ ನಿಜವಾಗಿ ದಕ್ಕುವುದು ನಮೂನೆ-ಬಿ ಮತ್ತು ನಮೂನೆ-ಸಿ. ಕಿರು ಅರಣ್ಯ ಉತ್ಪನ್ನ ತೆಗೆಯುವುದು, ಮಾರುವುದು, ನೀರು, ಮೇವು, ಮೀನು, ದೈವದ ಜಾಗ 'ಬಿ'ಯಲ್ಲಿ ಬರುತ್ತವೆ. ಕಾಡನ್ನು ಕಾಯುವ, ನೋಡಿಕೊಳ್ಳುವ ಅಧಿಕಾರ 'ಸಿ'ಯಲ್ಲಿ. ಬಿಳಿಗಿರಿರಂಗನ ಬೆಟ್ಟವನ್ನು 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ವರ್ಷವೇ ಸೋಲಿಗರ ಪೋಡುಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಇರುವ ಕಾಡಿನಲ್ಲಿ ಇದು ಆಗದು ಎನ್ನುವವರಿಗೆ ಅದನ್ನು ತೋರಿಸಿ.

ನಕ್ಷೆ ಬರೆಯಲು ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಕೂರಿಸಿ. ಗಂಡಸರ ನಕ್ಷೆಯಲ್ಲಿ ಜೇನುಮರ, ಬೆಟ್ಟದ ನೆತ್ತಿ, ದೂರದ ದಾರಿ ಬರುತ್ತವೆ. ಹೆಂಗಸರದರಲ್ಲಿ ನೂರೆ ಗೆಣಸು ಅಗೆಯುವ ಇಳಿಜಾರು, ಸೊಪ್ಪಿನ ಜಾಗ, ಕಳಲೆ, ಅಣಬೆ, ಏಡಿ ಹಿಡಿಯುವ ತೊರೆ, ಬೇಸಿಗೆಯಲ್ಲೂ ಬತ್ತದ ಒರತೆ ಬರುತ್ತವೆ. ಒಂದೇ ನಕ್ಷೆ ಬರೆಸಿದರೆ ಎರಡನೆಯದು ಕಾಣೆಯಾಗುತ್ತದೆ, ಆಮೇಲೆ ಹಕ್ಕುಪತ್ರದಲ್ಲೂ ಕಾಣುವುದಿಲ್ಲ.

ಅಂಗಳ ಗುಡಿಸಿ ನೆಲದ ಮೇಲೆಯೇ ಬರೆಯಲಿ. ತೊರೆಗೆ ಬೂದಿ, ದಾರಿಗೆ ರಂಗೋಲಿ ಪುಡಿ, ಗೋರಿಗಳಿಗೆ ಕಲ್ಲು, ಗೆಡ್ಡೆ ಸಿಗುವ ಕಡೆ ಹುರುಳಿ ಕಾಳು. ಕಾಗದ-ಪೆನ್ನು ಮೊದಲೇ ತಂದರೆ ಓದಿದ ಹುಡುಗರ ಕೈಗೆ ಹೋಗುತ್ತದೆ, ಅಜ್ಜಿಯರು ಹಿಂದೆ ಸರಿಯುತ್ತಾರೆ. ನೆಲದ ನಕ್ಷೆ ಪೂರ್ತಿಯಾದ ಮೇಲೆ ಫೋಟೋ ತೆಗೆದು ಡ್ರಾಯಿಂಗ್ ಶೀಟಿಗೆ ಇಳಿಸಿ. ಸೋಲಿಗರಾದರೆ ತಂತಮ್ಮ ಕುಲದ ಎಲ್ಲೆಯೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಈ ಐದೂ ಬಗೆಯ ತಾಣಗಳನ್ನು ಬಿಡದೆ ಗುರುತಿಸಿ. ಇವು ಪೂಜೆಯ ಜಾಗಗಳಷ್ಟೇ ಆಗಿರದೆ ನಿಯಮ 13ರಡಿ ಸಾಕ್ಷ್ಯವೂ ಹೌದು.

ನಂತರ ನಡೆದು ಗುರುತು ಹಾಕಿ. ಒಂದೊಂದು ಜಾಗದಲ್ಲೂ ಮೊಬೈಲಿನ ಜಿಪಿಎಸ್ ಓದುವಿಕೆಯನ್ನು ನಿಮಿಷ ಬಿಟ್ಟು ಮೂರು ಸಲ ಬರೆದುಕೊಳ್ಳಿ. ದಟ್ಟ ಮರದಡಿ ಹತ್ತಾರು ಮೀಟರ್ ವ್ಯತ್ಯಾಸ ಬರುವುದು ಸಾಮಾನ್ಯ, ಅದಕ್ಕೇ ಅಂಕಿಯ ಜೊತೆ "ಅಬ್ಬಿಯಿಂದ ಮೇಲೆ ಎರಡನೇ ಬಂಡೆ" ಎಂಬಂಥ ಗುರುತೂ ಇರಬೇಕು. ಆನೆ ಓಡಾಡುವ ಹೊತ್ತು ತಪ್ಪಿಸಿ ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊರಟು ಮೂರು ಗಂಟೆಗೆ ವಾಪಸಾಗಿ. ಪಕ್ಕದ ಹಾಡಿಯ ಎಲ್ಲೆ ಮೇಲೆ ಬಿದ್ದರೆ ಎರಡೂ ಸಮಿತಿ ಒಟ್ಟಿಗೆ ಕೂರಬೇಕೆಂಬುದು ನಿಯಮ. ತೀರದಿದ್ದರೆ ಮಾತ್ರ ಎಸಿ ಅವರ ಸಮಿತಿಗೆ.

ಗಿಡಮೂಲಿಕೆ ಬಲ್ಲ ಹೆಂಗಸರಿಗೆ ಒಂದು ಮಾತು. ನಕ್ಷೆಯಲ್ಲಿ "ಔಷಧಿ ಗಿಡ ತೆಗೆಯುವ ಜಾಗ" ಎಂದಷ್ಟೇ ಬರೆಯಿರಿ. ಯಾವ ಬೇರು, ಯಾವ ಕಾಯಿಲೆಗೆ, ಎಷ್ಟು ಅಳತೆ ಎಂಬುದು ಅರ್ಜಿಗೆ ಬೇಕಿಲ್ಲ. ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೆ ಕೇಳಿ ಬಂದವರಿಗೂ ಗ್ರಾಮಸಭೆಯ ಠರಾವಿಲ್ಲದೆ ಹೇಳಬೇಕಾಗಿಲ್ಲ. ಆ ತಿಳಿವಳಿಕೆಯ ಮೇಲೆ ಸಮುದಾಯಕ್ಕೆ ಹಕ್ಕಿದೆ ಎಂದು ಕಾಯ್ದೆಯೇ ಹೇಳಿದೆ.

ಮಹಜರಿನ ದಿನ ಅರಣ್ಯ ಇಲಾಖೆಗೂ ಕಂದಾಯ ಇಲಾಖೆಗೂ ಮೊದಲೇ ತಿಳಿಸಿರಬೇಕು. ಬಂದವರು ಹೆಸರು, ಹುದ್ದೆ, ತಾರೀಖಿನ ಜೊತೆ ಅಭಿಪ್ರಾಯ ಬರೆದು ರುಜು ಮಾಡಬೇಕು. ಬಾರದೆ ಇದ್ದು, ಆಮೇಲೆ "ನಾವಿರಲಿಲ್ಲ" ಎಂದು ಆಕ್ಷೇಪಿಸಿದರೆ ಮತ್ತೊಮ್ಮೆ ಪರಿಶೀಲನೆಗೆ ಕರೆಯಬೇಕಾಗುತ್ತದೆ. ಎರಡನೇ ಸಲವೂ ಬಾರದಿದ್ದರೆ ಸ್ಥಳ ಪರಿಶೀಲನೆಯ ಬಗ್ಗೆ ಗ್ರಾಮಸಭೆಯ ತೀರ್ಮಾನವೇ ಕೊನೆ. ನೋಟಿಸಿನ ಮೇಲೆ ಸೀಲು ಹಾಕಿಸಿಕೊಳ್ಳಿ ಎಂದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಅರ್ಜಿ ವಜಾ ಆದರೆ

"ನಿಮ್ಮದು ರಿಜೆಕ್ಟ್ ಆಗಿದೆಯಮ್ಮ" ಎಂಬ ಬಾಯಿಮಾತನ್ನು ಒಪ್ಪಬೇಡಿ. "ಹಿಂಬರಹ ಕೊಡಿ ಸಾರ್" ಎಂದಷ್ಟೇ ಹೇಳಿ, ಅಲ್ಲೇ ನಿಲ್ಲಿ. ಹಿಂಬರಹ ಎಂದರೆ ಕಚೇರಿಯ ಲಿಖಿತ ಉತ್ತರ. ತೀರ್ಮಾನವನ್ನು ಕಾರಣ ಸಹಿತ ಅರ್ಜಿದಾರರ ಕೈಗೇ ಕೊಡಬೇಕು. ಕೊಟ್ಟ ದಿನದಿಂದ 60 ದಿನದೊಳಗೆ ಮೇಲ್ಮನವಿ, ಬೇಕಾದರೆ ಇನ್ನೂ 30 ದಿನ ವಿಸ್ತರಿಸಬಹುದು. ಎಸಿ ಅವರ ಸಮಿತಿಯ ತೀರ್ಮಾನದ ಮೇಲೆ ಜಿಲ್ಲಾಧಿಕಾರಿಗಳ ಸಮಿತಿಗೆ ಹೋಗಬೇಕು. ಗ್ರಾಮಸಭೆ ಶಿಫಾರಸು ಮಾಡಿದ ಅರ್ಜಿಯನ್ನು ದಾಖಲೆ ಕೊರತೆ ಎಂದು ಮೇಲಿನ ಸಮಿತಿ ತಾನೇ ವಜಾ ಮಾಡದೆ ಮರುಪರಿಶೀಲನೆಗೆ ಗ್ರಾಮಸಭೆಗೇ ಹಿಂದಿರುಗಿಸಬೇಕು ಎಂಬುದು ನಿಯಮ. ಪರಿಶೀಲನೆ ಪೂರ್ತಿಯಾಗುವವರೆಗೆ ಒಕ್ಕಲೆಬ್ಬಿಸುವಂತಿಲ್ಲ, ಅದು 4(5)ನೇ ಕಲಮು. ವಜಾ ಆದವರನ್ನು ತೆರವು ಮಾಡಿಸಿ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 13ರಂದು ಮಾಡಿದ ಆದೇಶವನ್ನು ಅದೇ ತಿಂಗಳ 28ರಂದು ತಾನೇ ತಡೆಹಿಡಿಯಿತು. ಹಳೆಯ ಆದೇಶದ ಪ್ರತಿ ಹಿಡಿದು ಹೆದರಿಸುವವರಿಗೆ ಎರಡನೇ ತಾರೀಖು ಹೇಳಿ.

ಕಡತ ಎಲ್ಲಿದೆ ಎಂದು ತಿಳಿಯದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕಥೆ ಬರೆದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸುತ್ತಾರೆ. ವಕೀಲರು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೂ ಪರಿಶಿಷ್ಟ ಪಂಗಡದವರಿಗೂ ವರಮಾನ ನೋಡದೆ ಉಚಿತ, ಸಹಾಯವಾಣಿ 15100.

ಕುಡಿತ

ಹಾಡಿಯ ಕುಡಿತಕ್ಕೆ ಎರಡು ಬುಡ: ಬಟವಾಡೆ ಹಣ ಕೈಗೆ ಬರುವ ಬಗೆ ಮತ್ತು ಬೀಡಾ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ 90 ಎಂಎಲ್ ಪ್ಯಾಕೆಟ್ಟು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಆ ಜಾಗಕ್ಕೆ ಈ ಪ್ಯಾಕೆಟ್ಟು ಬಂತು. ತೋಟದ ರೈಟರ (ಕೂಲಿ ಲೆಕ್ಕ ಬರೆಯುವವರ) ಬಳಿ ಹೋಗಿ ಹೆಂಗಸರ ಕೂಲಿಯನ್ನು ಹೆಂಗಸರ ಕೈಗೇ ಅಥವಾ ಅವರ ಖಾತೆಗೇ ಹಾಕಬೇಕೆಂದು, ಸಂಜೆ ಜೀಪು ಅಂಗಡಿ ಮುಂದೆ ನಿಲ್ಲಬಾರದೆಂದು ಕೇಳಿ. ನಾಲ್ಕೈದು ತೋಟದಲ್ಲಿ ಒಟ್ಟಿಗೆ ಕೇಳಿದರೆ ಒಪ್ಪುತ್ತಾರೆ, ಕೊಯ್ಲಿನ ಕಾಲದಲ್ಲಿ ಆಳು ಕಳೆದುಕೊಳ್ಳಲು ಯಾರಿಗೂ ಇಷ್ಟವಿಲ್ಲ.

ಅಕ್ರಮ ಮಾರಾಟದ ಅಂಗಡಿಗೆ ನುಗ್ಗಿ ಪ್ಯಾಕೆಟ್ಟು ಚೆಲ್ಲಬೇಡಿ. ಕೇಸು ಹೆಂಗಸರ ಮೇಲೆ ಬೀಳುತ್ತದೆ, ಅಂಗಡಿ ಮೂರನೇ ದಿನ ತೆರೆಯುತ್ತದೆ. ತಾರೀಖು, ಹೊತ್ತು, ಯಾರು ಮಾರಿದರು, ಖಾಲಿ ಪ್ಯಾಕೆಟ್ಟಿನ ಮೇಲಿನ ಬ್ಯಾಚ್ ನಂಬರು ಇವನ್ನು ಎರಡು ವಾರ ಬರೆದು, ಗ್ರಾಮಸಭೆಯ ಠರಾವಿನ ಜೊತೆ ಅಬಕಾರಿ ಇನ್ಸ್‌ಪೆಕ್ಟರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತವರು. 2017ರಲ್ಲಿ ಪದ್ಮಶ್ರೀ ಬಂದದ್ದು ಅವರ ಹಾಡುಗಾರಿಕೆಗೆ. ಅವರನ್ನು ಬಲ್ಲವರಿಗೆ ಹಾಡೂ ಹೋರಾಟವೂ ಬೇರೆಯಾಗಿರಲಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ದಿನವೂ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಬೆಳಿಗ್ಗೆ ಕೈನಡುಗಿ, ಕುಡಿದ ಮೇಲೆ ನಡುಕ ನಿಲ್ಲುವವರು, ಹಿಂದೆ ಫಿಟ್ಸ್ ಬಂದವರು ಏಕಾಏಕಿ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಜ್ವರ, ಬೆವರು, ಇಲ್ಲದ್ದು ಕಾಣುವುದು, ಗೊಂದಲ ಶುರುವಾಗಬಹುದು. ಇದರಲ್ಲಿ ಪ್ರಾಣ ಹೋಗುತ್ತದೆ. ಹಾಡಿಯಲ್ಲಿ ಇದನ್ನು ದೆವ್ವ ಎಂದುಕೊಂಡು ತಡಮಾಡುವುದುಂಟು. ಅಂಥವರನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಸೇರಿಸಿಯೇ ಬಿಡಿಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕ್ಲಿನಿಕ್ (ಮಾನಸಿಕ ಆರೋಗ್ಯದ ತಪಾಸಣೆ) ಮಂಗಳವಾರ ನಡೆಯುತ್ತದೆ, ಆಶಾ ಕಾರ್ಯಕರ್ತೆಯಿಂದ ದಿನ ಖಚಿತ ಮಾಡಿಕೊಳ್ಳಿ. ವ್ಯಸನಮುಕ್ತಿ ಸಹಾಯವಾಣಿ 14446. ಬಿಟ್ಟು ಬಂದವರು ಮತ್ತೆ ಕುಡಿದರೆ ಎಲ್ಲ ಮುಗಿಯಿತೆಂದು ಕೈಬಿಡಬೇಡಿ, ಎರಡು ಮೂರು ಸಲ ಜಾರುವುದು ಈ ಕಾಯಿಲೆಯಲ್ಲಿ ಇದ್ದದ್ದೇ. ಕುಡಿಯುವ ಹೆಂಗಸರೂ ಇದ್ದಾರೆ. ಅವರನ್ನು ಗುಂಪಿನಿಂದ ದೂರ ಇಡಬೇಡಿ.

ಹೊಡೆತ

ಹಾಡಿಯ ಪಂಚಾಯಿತಿಯಲ್ಲಿ ತಪ್ಪುದಂಡ ಹಾಕಿ ರಾಜಿ ಮಾಡಿಸುವ ರೂಢಿ ಇದೆ. ಮಾತಿನ ಜಗಳಕ್ಕೆ ಅದು ಸಾಕು, ಅಲ್ಲೂ ಕೂತವರಲ್ಲಿ ಅರ್ಧ ಹೆಂಗಸರಿರಲಿ. ಮೈಮೇಲೆ ಗಾಯವಿದ್ದರೆ, ಮಚ್ಚು-ಕತ್ತಿ ಎತ್ತಿದ್ದರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ರಾಜಿ ಇಲ್ಲ. ಮಕ್ಕಳ ವಿಷಯ ಗೊತ್ತಿದ್ದೂ ತಿಳಿಸದೆ ಇರುವುದೇ ಪೋಕ್ಸೊ ಕಾಯ್ದೆಯಡಿ ಅಪರಾಧ, ಮಕ್ಕಳ ಸಹಾಯವಾಣಿ 1098. ಗಂಡನ ಹೊಡೆತಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಜೈಲಿಗೆ ಹಾಕಿಸದೆಯೂ "ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು" ಎಂಬ ಆದೇಶ ಪಡೆಯಬಹುದು. ಹೆಚ್ಚಿನ ಹೆಂಗಸರಿಗೆ ಬೇಕಿರುವುದು ಇಷ್ಟೇ. ರಾತ್ರಿ ತುರ್ತಿಗೆ 112, ಮಾತಾಡಲು ಮಹಿಳಾ ಸಹಾಯವಾಣಿ 181. ಹಾಡಿಯಲ್ಲಿ ಯಾವ ಮರದ ಹತ್ತಿರ, ಯಾವ ದಿಣ್ಣೆ ಮೇಲೆ ಸಿಗ್ನಲ್ ಸಿಗುತ್ತದೆ ಎಂದು ಎಲ್ಲ ಹೆಂಗಸರಿಗೂ ಗೊತ್ತಿರಲಿ. ಆ ಜಾಗದ ಪಕ್ಕದ ಮನೆಯವರು ಗುಂಪಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಹೊಡೆದವರು ಹಾಡಿಯ ಹೊರಗಿನವರು, ತೋಟದ ಮೇಸ್ತ್ರಿಯೋ ಮಾಲೀಕರೋ ಆಗಿದ್ದರೆ ಪರಿಶಿಷ್ಟ ಜಾತಿ-ಪಂಗಡಗಳ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸಬಹುದು. ಆಗ ದೂರಿನಲ್ಲಿ ಜಾತಿ ಪ್ರಮಾಣಪತ್ರದ ಪ್ರತಿ ಸೇರಿಸಿ, ತನಿಖೆ ಡಿವೈಎಸ್‌ಪಿ ದರ್ಜೆಯವರಿಂದ ಆಗಬೇಕೆಂದು ನೆನಪಿಸಿ.

ನೋವು ಹೇಳಿಕೊಳ್ಳುವ ಕೂಟ

ವಾರಕ್ಕೊಮ್ಮೆ, ಒಂದೇ ಜಾಗ, ಒಂದೇ ಹೊತ್ತು, ಎಂಟರಿಂದ ಹನ್ನೆರಡು ಹೆಂಗಸರು. ಒಂದು ಗಂಟೆ ದಾಟಬಾರದು, ಕತ್ತಲಾದರೆ ಆನೆ ಭಯ, ಅಡುಗೆ ತಡ, ಮನೆಯಲ್ಲಿ ಜಗಳ. ಹಾಡಿನಿಂದ ಶುರುಮಾಡಿ. ಸೋಲಿಗರಲ್ಲಿ ಗೊರುಕನ, ಸಿದ್ದಿಗಳಲ್ಲಿ ದಮಾಮಿ, ಯಾರಲ್ಲಿ ಏನಿದೆಯೋ ಅದು. ಹಾಡು ಅಲಂಕಾರಕ್ಕಲ್ಲ, ಮಾತು ಬಾರದವರೂ ಮೊದಲ ಹತ್ತು ನಿಮಿಷದಲ್ಲೇ ಬಾಯಿ ತೆರೆದಿರುತ್ತಾರೆ. ನಂತರ ಒಬ್ಬೊಬ್ಬರದೇ ಸರದಿ. ಹೇಳಲು ಇಷ್ಟವಿಲ್ಲದವರು ಮುಂದಿನವರಿಗೆ ಬಿಡಬಹುದು. ನಡುವೆ ಉಪದೇಶ ಬೇಡ. "ನೀನೇ ಸ್ವಲ್ಪ ತಗ್ಗಿ ಹೋಗು" ಎಂದು ಯಾರಾದರೂ ಅಂದರೆ ಆ ಹೆಂಗಸು ಮುಂದಿನ ವಾರ ಬರುವುದಿಲ್ಲ. ಹೊರಗಿನ ಸಂಸ್ಥೆಯವರು ಬಂದು ಕೂರುವುದಾದರೆ ನೋಟ್‌ಬುಕ್ಕು, ಕ್ಯಾಮೆರಾ ಹೊರಗಿಟ್ಟು ಬರಲಿ.

ಕಾಡಿನಿಂದ ಹೊರಬಿದ್ದ ಹಾಡಿಗಳಲ್ಲಿ ಕೂಟದಲ್ಲಿ ಮತ್ತೆ ಮತ್ತೆ ಬರುವ ಮಾತು ಬಿಟ್ಟುಬಂದ ಗೋರಿಗಳು, ಪೂಜೆ ನಿಂತ ದೈವಗಳು. ಅದಕ್ಕೆ ಸಮಾಧಾನದ ಮಾತಿಗಿಂತ ಹೋಗಿಬರುವ ದಾರಿ ಬೇಕು. ವರ್ಷದ ಪೂಜೆಯ ದಿನ, ಹೋಗುವವರ ಸಂಖ್ಯೆ, ದಾರಿ ಬರೆದು ಗ್ರಾಮಸಭೆಯ ಠರಾವು ಮಾಡಿ ವಲಯ ಕಚೇರಿಗೆ ತಿಳಿಸಿ. "ಅನುಮತಿ ಕೊಡಿ" ಎಂದು ಬರೆಯಬೇಡಿ, "ಇಂಥ ದಿನ ಹೋಗುತ್ತಿದ್ದೇವೆ" ಎಂದು ಬರೆಯಿರಿ. ಅದೇ ಜಾಗ ನಮೂನೆ-ಬಿಯಲ್ಲಿಯೂ ಇರಲಿ. 2005ರ ಡಿಸೆಂಬರ್ 13ಕ್ಕೆ ಮುಂಚೆ ಪರಿಹಾರವಿಲ್ಲದೆ, ಕಾನೂನುಬಾಹಿರವಾಗಿ ಒಕ್ಕಲೆಬ್ಬಿಸಿದ್ದರೆ 3(1)(ಎಂ) ಕಲಮಿನಡಿ ಪುನರ್ವಸತಿಯ ಹಕ್ಕನ್ನೂ ಕೇಳಬಹುದು.

ಕೂಟದಲ್ಲಿ ಯಾರಾದರೂ "ಇನ್ನು ಸಾಕಾಗಿದೆ" ಎಂದರೆ ನೇರವಾಗಿ ಕೇಳಿ: "ಅಕ್ಕ, ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಆ ರಾತ್ರಿ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿನ ತೋಟದ ಔಷಧಿ, ಕಳೆನಾಶಕದ ಬಾಟಲಿ ಎತ್ತಿಡಿ, ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ವಿಷ ಕುಡಿದಾಗಿದ್ದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಬೇಡ. 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಜೊತೆಗೇ ಒಯ್ಯಿರಿ. ಯಾವ ಔಷಧಿ ಎಂದು ತಿಳಿಯದೆ ವೈದ್ಯರಿಗೆ ಹೊತ್ತು ಹಾಳು.

ಕೂಟದಲ್ಲೇ ಸಿಕಲ್ ಸೆಲ್ (ತಂದೆ-ತಾಯಿಯಿಂದ ಬರುವ ರಕ್ತದ ಕಾಯಿಲೆ) ತಪಾಸಣೆಯ ಮಾತು ತೆಗೆಯಿರಿ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 40 ವರ್ಷದವರೆಗಿನವರಿಗೆ ಪರೀಕ್ಷೆ ಉಚಿತ, ಫಲಿತಾಂಶದ ಕಾರ್ಡು ಕೊಡುತ್ತಾರೆ. ಗಂಡ-ಹೆಂಡತಿ ಇಬ್ಬರೂ ವಾಹಕರಾದರೆ (ತಮಗೆ ಕಾಯಿಲೆಯಿಲ್ಲದೆ ಅದರ ಅಂಶ ಮಾತ್ರ ಹೊತ್ತವರು) ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಾರ್ಡು ನೋಡಿ ಸೊಸೆಯನ್ನೇ ದೂರುವ ಅತ್ತೆಯರಿಗೆ "ಇಬ್ಬರಿಂದಲೂ" ಎಂಬ ಮಾತನ್ನು ಎರಡು ಸಲ ಹೇಳಬೇಕಾಗುತ್ತದೆ. ಕೂಟದ ನೋವಿನ ಮಾತುಗಳನ್ನು ಎಲ್ಲೂ ಬರೆಯಬಾರದು. ಅದಕ್ಕೆ ಪುಸ್ತಕವಿಲ್ಲ.

ಟ್ರಂಕು

ನಡಾವಳಿ ಪುಸ್ತಕ, ನಕ್ಷೆ, ಸ್ವೀಕೃತಿ, ಹಿಂಬರಹಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿಡಿ. ನೆಲದಿಂದ ಎರಡಡಿ ಎತ್ತರದಲ್ಲಿರಲಿ, ಮಳೆಗಾಲದ ಥಂಡಿಗೂ ಗೆದ್ದಲಿಗೂ ಅಷ್ಟು ಬೇಕು. ಜೆರಾಕ್ಸು ಪ್ರತಿಯ ಒಂದು ಕಟ್ಟು ಪಕ್ಕದ ಹಾಡಿಯ ಗುಂಪಿನಲ್ಲಿರಲಿ, ಇನ್ನೊಂದರ ಫೋಟೋ ಇಬ್ಬರ ಫೋನಿನಲ್ಲಿ. ಮೂಲ ಪ್ರತಿಯನ್ನು ಯಾವ ಕಚೇರಿಗೂ, ಯಾವ ಸಂಸ್ಥೆಗೂ "ನೋಡಿ ಕೊಡುತ್ತೇವೆ" ಎಂದರೂ ಕೊಡಬೇಡಿ. ಎರಡು ವರ್ಷಕ್ಕೊಮ್ಮೆ ಕಾರ್ಯದರ್ಶಿ ಬದಲಾಗಲಿ. ಬದಲಾಗುವ ದಿನ ಟ್ರಂಕಿನಲ್ಲಿ ಏನೇನಿದೆ ಎಂದು ಪಟ್ಟಿ ಬರೆದು, ಹಳಬರೂ ಹೊಸಬರೂ ಗ್ರಾಮಸಭೆಯಲ್ಲೇ ರುಜು ಹಾಕಲಿ. ಬೀಗದ ಕೈ ಎರಡು ಮನೆಯಲ್ಲಿರಲಿ, ಎರಡೂ ಹೆಂಗಸರ ಬಳಿ.